ಸಿಹಿ ಹಂಚುವ ಮುನ್ನ



ರಾಯದುರ್ಗದ ಕಡೆ ಶೇಂಗಾ ಎನ್ನುತ್ತಾರೆ, ಮಡಕಶಿರಾದ ಕಡೆ ಕಡಲೆಕಾಯಿ. ಉಂಡೆ ಮಾತ್ರ ಒಂದೇ. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆದರೆ ಮನೆಗೆ ಬಂದವರ ಕೈಗೆ ಬೆಲ್ಲದ ಉಂಡೆ ಇಡುವ ಪದ್ಧತಿ ಎರಡೂ ಕಡೆ ಹಾಗೆಯೇ ಇದೆ.

ಒಮ್ಮೆ ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋಗಿದ್ದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಹಿರಿಯರೊಬ್ಬರ ಕೈಗೆ, ಹಿಂದಿನ ಮನೆಯವರು ಕೊಟ್ಟಿದ್ದ ಉಂಡೆಯನ್ನು ಪ್ರೀತಿಯಿಂದ ಇಟ್ಟೆವು. ಸೊಸೆ ಓಡಿ ಬಂದು, "ತಪ್ಪು ತಿಳ್ಕಬ್ಯಾಡ್ರಿ ಸ್ವಾಮಿ, ಮಾವಗೆ ಇದು ಆಗಂಗಿಲ್ಲ" ಎಂದು ಮೆಲ್ಲಗೆ ತೆಗೆದುಕೊಂಡರು. "ಸಕ್ಕರೆಯಲ್ಲವಲ್ಲಮ್ಮಾ, ಬೆಲ್ಲ ತಾನೇ?" ಎಂದೆವು. ನಮ್ಮ ತಿಳಿವಳಿಕೆ ಅಷ್ಟೇ ಇತ್ತು.

ಆಮೇಲೆ ಕೇಳಿ ತಿಳಿದುಕೊಂಡೆವು. ನಾವು ತಿಂದ ಆಹಾರದಲ್ಲಿ ಹೆಚ್ಚಾದ ಪೊಟ್ಯಾಸಿಯಂ ಮತ್ತು ರಂಜಕವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಸೋತಾಗ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ರಂಜಕ ಏರಿದರೆ ಮೂಳೆ ಸವೆಯುತ್ತದೆ, ಮೈ ತುರಿಸುತ್ತದೆ. ಬಿಳಿ ಸಕ್ಕರೆಯಲ್ಲಿ ಪೊಟ್ಯಾಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಬೆಲ್ಲದಲ್ಲಿ ಬಹಳ ಹೆಚ್ಚು. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 700 ಮಿಲಿಗ್ರಾಂ ಇರುತ್ತದೆ. ಉಂಡೆಯಲ್ಲಿ ಎರಡೂ ಕೂಡುತ್ತವೆ.

ಪೊಟ್ಯಾಸಿಯಂ ಹೆಚ್ಚಿರುವವರು ಒಣದ್ರಾಕ್ಷಿ, ಖರ್ಜೂರ, ಬಾಳೆಹಣ್ಣು, ಕೊಬ್ಬರಿಗಳಲ್ಲೂ ಎಚ್ಚರ ವಹಿಸಬೇಕು. ಖೋವಾದ ಸಿಹಿಯಲ್ಲಿ ರಂಜಕ ಹೆಚ್ಚು. "ಶುಗರ್ ಫ್ರೀ" ಎಂದು ಬರೆದಿದ್ದರೂ ಅದು ಕಡಿಮೆಯಾಗುವುದಿಲ್ಲ. ನೀರಿಗೆ ಮಿತಿ ಹೇಳಿದ್ದರೆ ಪಾಯಸ, ಐಸ್‌ಕ್ರೀಂಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಧಾರೆಹುಳಿ ಹಣ್ಣನ್ನಂತೂ ಮೂತ್ರಪಿಂಡದ ರೋಗಿಗಳು ಮುಟ್ಟಲೇಬಾರದು. ಅದು ಅವರಿಗೆ ವಿಷ.

ಹಾಗೆಂದು ಎಲ್ಲವನ್ನೂ ಕಿತ್ತುಕೊಳ್ಳುವುದೂ ಸರಿಯಲ್ಲ. ಆ ಹಿರಿಯರು ನಮಗೆ ಹೇಳಿದ್ದು ಇಷ್ಟೇ: "ಹಬ್ಬದ ದಿನ ನನಗ ಬ್ಯಾರೆ ಕೋಣೆಯಾಗ ಊಟ ಕೊಡ್ತಾರ ಸ್ವಾಮಿ, ಆಸೆ ಆದೀತು ಅಂತ." ಹೋಳಿಗೆ ತಪ್ಪಿದ್ದಕ್ಕಿಂತ ಪಂಕ್ತಿ ತಪ್ಪಿದ್ದು ಅವರನ್ನು ನೋಯಿಸಿತ್ತು. ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾಯಬೇಕೆಂದು ಸಂತ ಪೌಲರು ಕೊರಿಂಥದವರನ್ನು ತಿದ್ದಿದ್ದು (1 ಕೊರಿಂಥ 11) ನಮಗೆ ಆಗ ನೆನಪಾಯಿತು.

ಸಕ್ಕರೆ ಹಾಕಿ, ದ್ರಾಕ್ಷಿ ಗೋಡಂಬಿ ಬಿಟ್ಟು ಮಾಡಿದ ರವೆ ಕೇಸರಿಯನ್ನು ಎರಡು ಚಮಚ ಕೊಡಬಹುದು. ಸಕ್ಕರೆ ಕಾಯಿಲೆಯೂ ಇದ್ದರೆ ಅದನ್ನೂ ಅನ್ನ, ರೊಟ್ಟಿಯ ಲೆಕ್ಕದಲ್ಲಿ ಹಿಡಿಯಬೇಕು. ಯಾರಿಗೆ ಎಷ್ಟು ಎನ್ನುವುದು ಅವರವರ ರಕ್ತಪರೀಕ್ಷೆ ನೋಡಿ ವೈದ್ಯರು ಹೇಳುವ ಮಾತು. ಎಲ್ಲರಿಗೂ ಒಂದೇ ಪಥ್ಯವಿಲ್ಲ.

ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಮೂತ್ರಪಿಂಡ ದಿನ. ಅದು ಸಾಮಾನ್ಯವಾಗಿ ನಮ್ಮ ತಪಸ್ಸುಕಾಲದಲ್ಲೇ ಬರುತ್ತದೆ. ಆ ವಾರ ನಮ್ಮ ಮನೆಯ ರೋಗಿಯನ್ನೇ ಕೇಳೋಣ, "ಡಾಕ್ಟರು ನಿಮಗೆ ಏನು ತಿನ್ನಲು ಹೇಳಿದ್ದಾರೆ?" ಎಂದು. ಪಾಸ್ಖ ಹಬ್ಬದಂದು ಅದೇ ಸಿಹಿಯನ್ನು ಮನೆಮಂದಿಗೆಲ್ಲಾ ಮಾಡೋಣ. ಒಂದು ದಿನ ಬೆಲ್ಲವಿಲ್ಲದಿದ್ದರೆ ನಮಗೇನೂ ಕೊರತೆಯಾಗದು; ಅವರಿಗೆ ಪಂಕ್ತಿಯಲ್ಲಿ ಮತ್ತೆ ಎಲೆ ಬೀಳುತ್ತದೆ.