ಬಿಗಿದ ಕೀಲಿಗೆ ಎರಡು ಕಾರಣಗಳು

ಪಾರ್ಶ್ವವಾಯುವು ಮನೆಯೊಳಗೆ ಕಾಲಿಟ್ಟಿತೆಂದರೆ ರೋಗಿಯೊಬ್ಬನಿಗೇ ಅಲ್ಲ, ಮನೆಮಂದಿಗೆಲ್ಲ ಪರೀಕ್ಷೆಯ ಕಾಲವು ಬಂದಂತೆಯೇ ಸರಿ. ಪ್ರಾಣಭಯವು ಕಳೆದು ರೋಗಿಯು ಮನೆಗೆ ಮರಳಿದ ಮೇಲೆ, ಮೊದಲು ಜೋಲುಬಿದ್ದಿದ್ದ ಕೈಯು ಮೊಣಕೈಯಲ್ಲಿ ಮಡಿಚಿಕೊಂಡು, ಬೆರಳುಗಳು ಮುಷ್ಟಿಗಟ್ಟಿ, ಪಾದವು ಕೆಳಮುಖವಾಗಿ ಬಿಗಿದುಕೊಳ್ಳುವುದುಂಟು. ಇದನ್ನು ಕಂಡ ಬಂಧುಗಳಲ್ಲಿ ಕೆಲವರು, “ಮನಸ್ಸು ಮಾಡಿದರೆ ಬಿಡಿಸಲಾರನೆ?” ಎಂದು ರೋಗಿಯನ್ನೇ ಗದರುವರು, ಮತ್ತೆ ಕೆಲವರು ಬಲವಾಗಿ ಎಳೆದು ನೆಟ್ಟಗೆ ಮಾಡಹೋಗುವರು. ಎರಡೂ ಸಲ್ಲದ ಕಾರ್ಯಗಳು. ಏಕೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸುವೆವು.

ಈ ಬಿಗಿತವನ್ನು ಸಂಸ್ಕೃತದಲ್ಲಿ ‘ಸ್ತಂಭ’ವೆಂಬ ಒಂದೇ ಶಬ್ದದಿಂದ ಹೇಳಬಹುದಾದರೂ ಅದರ ಕಾರಣಗಳು ಎರಡು. ಮೊದಲನೆಯದು ಪ್ರತಿವರ್ತನ. ಸ್ನಾಯುವನ್ನು ಥಟ್ಟನೆ ಎಳೆದರೆ ಆ ಸುದ್ದಿಯು ನರದ ಮಾರ್ಗವಾಗಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಸಂಕೋಚಿಸೆಂಬ ಆಜ್ಞೆಯು ಮರಳಿ ಬರುವುದು. ಇದಕ್ಕೆ ನಮ್ಮ ಇಚ್ಛೆಯ ಅಪ್ಪಣೆ ಬೇಕಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಚಿಮ್ಮುವುದು ಈ ಕಾರಣದಿಂದಲೇ. ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲರು 1875ರಲ್ಲಿ ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಆರೋಗ್ಯವಂತರಲ್ಲಿ ಮಿದುಳು ಈ ಪ್ರತಿವರ್ತನವನ್ನು ಹತೋಟಿಯಲ್ಲಿಟ್ಟಿರುವುದು. ಆ ಹತೋಟಿಯು ತಪ್ಪಿದರೆ, ಉಪಾಧ್ಯಾಯರಿಲ್ಲದ ತರಗತಿಯಂತೆ, ಅದು ಮಿತಿಮೀರುವುದು. ಎರಡನೆಯ ಕಾರಣವು ಸ್ನಾಯುವಿನ ಮತ್ತು ಅದರ ಕಂಡರದ ಸ್ವಂತ ಗಡುಸುತನ. ಬಹುಕಾಲ ಒಂದೇ ಭಂಗಿಯಲ್ಲಿದ್ದರೆ ಅವು ಕುಗ್ಗಿ ಬಿರುಸಾಗುವುವು.

ವೈದ್ಯರು ಅಂಗವನ್ನು ಕೈಯಿಂದ ಆಡಿಸಿ, ಬಿಗಿತಕ್ಕೆ ಅಂಕ ಕೊಡುವ ಕ್ರಮವನ್ನು 1964ರಲ್ಲಿ ಆ್ಯಶ್‌ವರ್ತರು ಪ್ರಕಟಿಸಿದರು. 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ ಎಂಬವರು ಅದನ್ನು ತಿದ್ದಿದರು. ಬಿಗಿತವು ಹೆಚ್ಚಿಲ್ಲದಿದ್ದರೆ 0, ಅಂಗವು ಅಲುಗದಂತಿದ್ದರೆ 4. ಸುಲಭವಾದ ಕ್ರಮವೇ ಹೌದು. ಆದರೆ ಅದು ಎರಡು ಕಾರಣಗಳನ್ನು ಬೇರ್ಪಡಿಸಲಾರದು. ನಿಧಾನವಾಗಿ ಎಳೆದಾಗ ಪ್ರತಿವರ್ತನವು ಬಹಳವಾಗಿ ಕೆರಳದು, ವೇಗವಾಗಿ ಎಳೆದಾಗ ಕೆರಳುವುದು. ಇದನ್ನರಿತು ಎರಡು ವೇಗಗಳಲ್ಲಿ ಪರೀಕ್ಷಿಸುವ ಕ್ರಮವು ಫ್ರಾನ್ಸಿನ ಟಾರ್ಡಿಯೂ ಅವರ ಹೆಸರಿನಲ್ಲಿದೆ.

ಯಂತ್ರದ ಅಳತೆಯು ಇನ್ನೂ ಸೂಕ್ಷ್ಮವಾದುದು. ಪಾದವನ್ನು ಹಲಗೆಗೆ ಬಿಗಿದು, ಮೋಟಾರಿನಿಂದ ಕೊಂಚಕೊಂಚವೇ ಅಲುಗಿಸಿ, ಪ್ರತಿರೋಧವನ್ನೂ ಮೀನಖಂಡದ ವಿದ್ಯುತ್‌ಸಂಕೇತವನ್ನೂ ಒಟ್ಟಿಗೆ ದಾಖಲಿಸುವರು. ಸ್ನಾಯುವಿನ ಸ್ವಂತ ಪ್ರತಿರೋಧವು ಕೂಡಲೇ ಕಾಣುವುದು. ಪ್ರತಿವರ್ತನವಾದರೋ ಬೆನ್ನುಹುರಿಯವರೆಗೆ ಹೋಗಿಬರಬೇಕಾದುದರಿಂದ ಸುಮಾರು 40 ಮಿಲಿಸೆಕೆಂಡು ತಡವಾಗುವುದು. ಈ ವಿಳಂಬವನ್ನೇ ಆಧಾರವಾಗಿಟ್ಟುಕೊಂಡು ಎರಡನ್ನೂ ಬೇರ್ಪಡಿಸುವ ಗಣಿತವಿಧಾನವನ್ನು ಕೆನಡಾ ದೇಶದ ಕಿಯರ್ನಿ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದರು.

ಇಷ್ಟು ಶ್ರಮವೇಕೆಂದರೆ, ಕಾರಣಕ್ಕೆ ತಕ್ಕಂತೆ ಚಿಕಿತ್ಸೆಯೂ ಬೇರೆಯಾಗುವುದು. ಕೆರಳಿದ ಸ್ನಾಯುವನ್ನು ಬೊಟುಲಿನಂ ಸೂಜಿಮದ್ದು ಕೆಲವು ತಿಂಗಳು ಸಡಿಲಿಸೀತು. ಕುಗ್ಗಿದ ಕಂಡರವನ್ನು ಅದು ಉದ್ದಮಾಡಲಾರದು. ಅದಕ್ಕೆ ಪ್ಲಾಸ್ಟರಿನ ಕಟ್ಟೋ, ಕೆಲವೆಡೆ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಕಾರಣವನ್ನರಿಯದೆ ಮದ್ದಿಗೆ ಹಣ ಸುರಿದರೆ ಹಣವೂ ಕಾಲವೂ ವ್ಯರ್ಥ. ಸಡಿಲವಾದ ಕೈಯೆಲ್ಲ ಕೆಲಸಮಾಡುವ ಕೈಯಲ್ಲವೆಂಬುದನ್ನೂ ನೆನಪಿಡಬೇಕು. ಬಲವು ಮರಳಲು ಅಭ್ಯಾಸವೇ ಬೇಕು.

ಗೃಹಸ್ಥರು ಮಾಡಬೇಕಾದುದು ಇಷ್ಟು: ಅಂಗವನ್ನು ಚಿಕಿತ್ಸಕರು ತೋರಿಸಿಕೊಟ್ಟಂತೆ ಮೆಲ್ಲಮೆಲ್ಲನೆ ಆಡಿಸಿರಿ. ರೋಗಿಯನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆಯಬೇಡಿರಿ, ಭುಜಕ್ಕೆ ಪೆಟ್ಟಾದೀತು. ಬಿಗಿತವು ಒಮ್ಮೆಗೇ ಹೆಚ್ಚಿದರೆ ಮಲಬದ್ಧತೆ, ಹಾಸಿಗೆಹುಣ್ಣು, ಮೂತ್ರದ ಸೋಂಕು ಇವೆಯೇ ಎಂದು ನೋಡಿ ವೈದ್ಯರಿಗೆ ತಿಳಿಸಿರಿ. “ಇದು ಯಾವ ಬಗೆಯ ಬಿಗಿತ?” ಎಂದು ಅವರನ್ನು ಕೇಳಲು ಸಂಕೋಚಪಡಬೇಡಿರಿ. ಎಲ್ಲಕ್ಕೂ ಮಿಗಿಲಾಗಿ, ಬಿಡಿಸಲಾಗದ ಮುಷ್ಟಿಯು ಹಟವಲ್ಲವೆಂದು ಮನೆಯವರೆಲ್ಲರೂ ತಿಳಿದಿರಲಿ. ರೋಗಿಯು ಕಳೆದುಕೊಂಡಿರುವುದು ಅಂಗದ ಹತೋಟಿಯನ್ನು. ನಮ್ಮ ಗದರಿಕೆಯಿಂದ ಮಾನವನ್ನೂ ಕಳೆದುಕೊಳ್ಳುವಂತಾಗಬಾರದು.