ಎರಡು ವರ್ಷದ ಕಾರ್ಡು, ಗಂಡನ ಸಹಿ

ಕಳೆದ ತಿಂಗಳು ಚಿಕ್ಕಪ್ಪನ ಮಗಳ ನಿಶ್ಚಿತಾರ್ಥವಿತ್ತು. ಹುಡುಗ ಅಮೆರಿಕದ ಪ್ರಜೆ. ಊಟದ ಪಂಕ್ತಿಯಲ್ಲಿ ಎಲ್ಲರದ್ದೂ ಒಂದೇ ಮಾತು: 'ಇನ್ನೇನು, ಹುಡುಗಿಗೆ ಗ್ರೀನ್ ಕಾರ್ಡ್ ಸಿಕ್ಕ ಹಾಗೇ.' ಹುಡುಗನ ಸಂಬಳ, ಮನೆ, ಗೋತ್ರ, ನಕ್ಷತ್ರ ಎಲ್ಲವನ್ನೂ ವಿಚಾರಿಸಿದ್ದ ಹಿರಿಯರಲ್ಲಿ ಒಬ್ಬರೂ ಆ ಕಾರ್ಡು ಎಂಥದ್ದು ಎಂದು ಕೇಳಿರಲಿಲ್ಲ. ನಾನು ಕೇಳಿದೆ. 'ಒಳ್ಳೆ ದಿನ ಅಂಥ ಮಾತು ಯಾಕೆ? ಮೊದಲು ಹೋಳಿಗೆ ತಿನ್ನು' ಎಂದರು ಸೋದರತ್ತೆ.

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಕಾಯಂ ವಾಸದ ಹಕ್ಕು ಪಡೆಯುವ ಸಂಗಾತಿಗೆ ಅಮೆರಿಕ ಕೊಡುವುದು ಷರತ್ತಿನ ಕಾರ್ಡು. ಅದರ ಆಯಸ್ಸು ಎರಡೇ ವರ್ಷ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ಐ-751 ಎಂಬ ಅರ್ಜಿ ಸಲ್ಲಿಸಬೇಕು. ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ತೆರಿಗೆ ಲೆಕ್ಕ, ಫೋಟೊಗಳನ್ನು ಇಟ್ಟು ಸಂಸಾರ ನಿಜವೆಂದು ತೋರಿಸಬೇಕು. ಕಾಗದಕ್ಕಾಗಿ ನಡೆಯುವ ಸುಳ್ಳು ಮದುವೆಗಳನ್ನು ತಡೆಯಲು 1986ರಲ್ಲಿ ಬಂದ ಕಾನೂನು ಇದು. ಬ್ರಿಟನ್ನಿನಲ್ಲಿ ಈ ಕಾಯುವಿಕೆ 2003ರಲ್ಲಿ ಎರಡು ವರ್ಷವಾಯಿತು, 2012ರಲ್ಲಿ ಐದು ವರ್ಷಕ್ಕೆ ಏರಿತು.

ಸುಳ್ಳು ಮದುವೆಗಳು ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಮೋಸ ಹೋದ ಗಂಡಂದಿರೂ ಇದ್ದಾರೆ. ಆದರೆ ಸರ್ಕಾರಿ ನೌಕರಿಯ ಪ್ರೊಬೇಷನ್ನಿನಂತೆ ಸಂಸಾರಕ್ಕೂ ಒಂದು ಅವಧಿ ಇಟ್ಟು, ಅದರ ಕೊನೆಯಲ್ಲಿ ಪೆನ್ನನ್ನು ಗಂಡನ ಕೈಗೆ ಕೊಟ್ಟರೆ ಏನಾಗುತ್ತದೆ? ಒಳ್ಳೆಯವನಿಗೆ ಅದು ಬರೀ ಪೆನ್ನು. ಕೆಟ್ಟವನಿಗೆ 'ಸಹಿ ಹಾಕಲ್ಲ ನೋಡು' ಎನ್ನುವ ಒಂದು ವಾಕ್ಯ ಸಾಕು. ಆ ವಾಕ್ಯ ಕೇಳಿದ ಹುಡುಗಿ ಏಟು ತಿಂದದ್ದನ್ನೂ ತವರಿಗೆ ಹೇಳುವುದಿಲ್ಲ. ಹೇಳಿದರೂ 'ಎರಡು ವರ್ಷ ಸಹಿಸಿಕೊ ಮಗಳೇ' ಎನ್ನುವ ತಾಯಂದಿರು ನಮ್ಮಲ್ಲಿ ಕಡಿಮೆಯೇ?

ವಿನಾಯಿತಿ ಇದೆ, ನಿಜ. ದೌರ್ಜನ್ಯ ನಡೆದಿದ್ದರೆ, ಅಥವಾ ಪ್ರಾಮಾಣಿಕವಾಗಿಯೇ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ, ಹೆಂಡತಿ ಗಂಡನ ಸಹಿ ಇಲ್ಲದೆ ಒಬ್ಬಳೇ ಅರ್ಜಿ ಹಾಕಬಹುದು. ಆದರೆ ಸಾಬೀತು ಮಾಡಬೇಕಾದವಳು ಅವಳೇ. ಫೋನು ಅವನ ಹೆಸರಿನಲ್ಲಿ, ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ, ಕಾರು ಓಡಿಸಲು ಬಾರದು, ಹೊರಗೆ ಹಿಮ. ಅಂಥವಳು ಪೊಲೀಸ್ ವರದಿ, ವೈದ್ಯರ ಪತ್ರ ಹೊಂದಿಸುವುದು ಎಲ್ಲಿಂದ?

ಕೆನಡಾ ಈ ದಾರಿಯಲ್ಲಿ ಹೋಗಿ ವಾಪಸ್ ಬಂದಿದೆ. 2012ರ ಅಕ್ಟೋಬರ್‌ನಲ್ಲಿ ಅಲ್ಲಿಯೂ ಇಂಥದೇ ನಿಯಮ ಬಂತು: ಸಂಬಂಧ ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆಯದಾಗಿದ್ದು, ಮಕ್ಕಳಿಲ್ಲದಿದ್ದರೆ, ಪ್ರಾಯೋಜಕರ ಜೊತೆ ಎರಡು ವರ್ಷ ಬಾಳ್ವೆ ಮಾಡಲೇಬೇಕು. ದೌರ್ಜನ್ಯಕ್ಕೆ ಅಲ್ಲೂ ವಿನಾಯಿತಿ ಇತ್ತು. ಆದರೂ ಹೆಂಗಸರು ಹೊಡೆತದ ಮನೆಯಲ್ಲೇ ಉಳಿಯುವಂತಾಗುತ್ತದೆ ಎಂಬ ಆಕ್ಷೇಪ ನಿಲ್ಲಲಿಲ್ಲ. 2017ರ ಏಪ್ರಿಲ್‌ನಲ್ಲಿ ಸರ್ಕಾರ ಷರತ್ತನ್ನು ತೆಗೆದುಹಾಕಿತು. ಹಾಗೆಂದು ಬಾಗಿಲು ಹಾರು ಹೊಡೆದಿಲ್ಲ. ಮದುವೆ ನಿಜವೋ ಸುಳ್ಳೋ ಎಂದು ಅರ್ಜಿಯ ಹಂತದಲ್ಲೇ ಅಧಿಕಾರಿಗಳು ನೋಡುತ್ತಾರೆ. ಹೀಗೆ ಬಂದವರು ಐದು ವರ್ಷ ಮತ್ತೊಬ್ಬ ಸಂಗಾತಿಯನ್ನು ಕರೆಸಿಕೊಳ್ಳುವಂತಿಲ್ಲ. ನನಗೆ ಸರಿ ಎನಿಸುವುದು ಇದೇ. ಅನುಮಾನವಿದ್ದರೆ ಒಳಗೆ ಬಿಡುವ ಮುಂಚೆ ಕೇಳಲಿ. ಬಿಟ್ಟ ಮೇಲೆ ಗಂಡನನ್ನು ಕಾವಲಿಗೆ ಕೂರಿಸುವುದು ಬೇಡ.

ಅಮೆರಿಕದ ಕಾನೂನನ್ನು ನಾವು ಇಲ್ಲಿ ಕೂತು ಬದಲಿಸಲಾರೆವು. ಆದರೆ ಜಾತಕದ ಜೊತೆಗೆ ಕಾರ್ಡಿನ ಷರತ್ತನ್ನೂ ಓದಬಹುದು. ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರದ ಪ್ರತಿಗಳು ತವರಿನಲ್ಲೂ ಒಂದು ಇರಲಿ. ಒಬ್ಬಳೇ ಅರ್ಜಿ ಹಾಕುವ ದಾರಿ ಇದೆ ಎಂಬುದು ವಿಮಾನ ಹತ್ತುವ ಮುಂಚೆಯೇ ಅವಳಿಗೆ ಗೊತ್ತಿರಲಿ.

ಅಂದು ರಾತ್ರಿ ಇದನ್ನೆಲ್ಲ ಅಕ್ಕನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಬೇಜಾರಾಗುತ್ತಾಳೇನೋ ಎಂಬ ಅಳುಕಿತ್ತು. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: 'ಇವರಿಗೂ ಕಳಿಸಿದೆ, ಓದ್ತಿದ್ದಾರೆ. ಅತ್ತೆಗೆ ಮಾತ್ರ ಹೇಳಬೇಡ.'