ಸೂಜಿ-ದಾರ: ಕೂಸಿನ ಕೌದಿಗೆ ಕರಿ ಬಟ್ಟೆ



ಕಳೆದ ಸಂಚಿಕೆ ಕೈಸೇರಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ: "ಕೌದಿಯಲ್ಲಿ ಅದೇ ಚೌಕ, ಅದೇ ಸಾಲು ಹೊಲಿದು ಬೇಸರ ಬಂದಿದೆ. ಹೊಸ ಬಣ್ಣ, ಹೊಸ ಆಕಾರ ಏನಾದರೂ ಹೇಳಬಾರದೇ?" ಬರೆಯೋಣವೆಂದು ಕುಳಿತ ಹೊತ್ತಿಗೇ ನಮ್ಮ ಮನೆಯಲ್ಲಿ ಕೌದಿಯ ಜಗಳವೊಂದು ಹುಟ್ಟಿಕೊಂಡಿತು. ಆದ್ದರಿಂದ ಈ ಸಲ ಜಗಳದಿಂದಲೇ ಆರಂಭಿಸುತ್ತೇನೆ.

ನನ್ನ ಮಗಳಿಗೆ ಈಗ ಏಳು ತಿಂಗಳು. ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ನೌಪಾಡಾದಲ್ಲಿ. ಬಾಗಲಕೋಟೆಯ ಅಜ್ಜಿಯ ಊರನ್ನು ಅವಳು ಕಂಡದ್ದು ಬೇಸಿಗೆಯ ರಜೆಯಲ್ಲಿ ಮಾತ್ರ. ಆದರೂ ಕೂಸಿನ ಕೌದಿಯನ್ನು ತಾನೇ ಹೊಲಿಯಬೇಕೆಂದು ಹಟ ಹಿಡಿದಳು. ಗೋಖಲೆ ರಸ್ತೆಯ ಪಕ್ಕದ ಓಣಿಯ ದರ್ಜಿಯೊಬ್ಬನ ಹತ್ತಿರ ಒಂದು ಚೀಲ ಚಿಂದಿ ಕೇಳಿ ತಂದಳು. ಅಂಗಡಿಯಿಂದ ಎರಡು ಮೀಟರು ಕರಿ ಬಟ್ಟೆ ತಂದು, ನಡುಮನೆಯಲ್ಲಿ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸುತ್ತ ಕುಳಿತಳು. ದೇವರ ಮನೆಯಿಂದ ಹೊರಬಂದ ಅತ್ತೆಯವರ ಕಣ್ಣಿಗೆ ಅದು ಬಿತ್ತು.

"ಅಯ್ಯ ಶಿವನ! ಕೂಸಿನ ಕೆಳಗ ಕರೀ ಅರಿವಿ ಹಾಸ್ತಾರೇನವಾ? ತಗೀ ಅದನ್ನ ಮೊದಲ."

"ಕಪ್ಪಿನ ಮ್ಯಾಲೆ ಬಣ್ಣ ಎದ್ದು ಕಾಣ್ತಾವ ಅಜ್ಜೀ."

"ಎದ್ದು ಕಾಣೂದು ಯಾರಿಗಿ? ಕಂಡೋರ ಕಣ್ಣಿಗೇನ?"

ಆಮೇಲೆ ಎರಡು ದಿನ ಇಬ್ಬರಿಗೂ ಮಾತಿಲ್ಲ. ನಡುವೆ ಚಹಾದ ಕಪ್ಪು ಹಿಡಿದು ಓಡಾಡುವವಳು ನಾನು.

ಪಕ್ಕದ ಮನೆಯ ಮರಾಠಿ ಆಜಿ ಸಮಾಧಾನ ಹೇಳಲು ಬಂದರು. ಅವರಲ್ಲಿ ಕೂಸಿನ ಮೊದಲ ಸಂಕ್ರಾಂತಿಗೆ ಬೋರನ್ಹಾಣ ಮಾಡುತ್ತಾರೆ. ಕರಿ ಅಂಗಿ ತೊಡಿಸಿ, ಸಕ್ಕರೆ ಹಲ್ವದ ಒಡವೆಗಳನ್ನಿಟ್ಟು, ತಲೆಯ ಮೇಲಿಂದ ಬೋರೆಹಣ್ಣು, ಚುರುಮುರಿ ಸುರಿಯುತ್ತಾರೆ. ಹೆಂಗಸರು ಆ ದಿನ ಕಪ್ಪು ಚಂದ್ರಕಳಾ ಸೀರೆ ಉಡುತ್ತಾರೆ. "ಕಪ್ಪು ಚಳಿಗೆ ಬೆಚ್ಚಗೆ, ಅಶುಭ ಅಲ್ಲ" ಎಂದರು. ಅತ್ತೆಯವರು ಮರ್ಯಾದೆಯಿಂದ ತಲೆದೂಗಿದರು, ಒಪ್ಪಲಿಲ್ಲ.

ಜಗಳ ಅಲ್ಲಿಗಿರಲಿ. "ನಮ್ಮ ಹಿರಿಯರ ಕೌದಿ ಹೀಗಿರಲಿಲ್ಲ" ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ಮಾತು ಎಷ್ಟು ನಿಜ? ನನಗೆ ಅನ್ನಿಸುವ ಮಟ್ಟಿಗೆ ಕೌದಿಗೆ ಗೊತ್ತುಪಡಿಸಿದ ಬಣ್ಣವೆಂಬುದು ಎಂದೂ ಇರಲಿಲ್ಲ. ಮನೆಯಲ್ಲಿ ಹರಿದದ್ದೇ ಅದರ ಬಣ್ಣ: ಅಪ್ಪನ ಧೋತರ, ಅವ್ವನ ಸೀರೆ, ಗುಳೇದಗುಡ್ಡದ ಖಣದ ಹಳೆಯ ಕುಪ್ಪಸ. ನಮ್ಮ ನೆರೆಯವರ ಗೋಧಡಿ, ವಾಕಳಗಳ ಕಥೆಯೂ ಇದೇ. ಚೌಕದ ತುಂಡು ಹೆಚ್ಚಾಗಿ ಬಂದದ್ದಾದರೂ ಶಾಸ್ತ್ರಕ್ಕಾಗಿ ಅಲ್ಲ, ಚೌಕ ಕತ್ತರಿಸಿದರೆ ಬಟ್ಟೆ ಹಾಳಾಗುವುದು ಕಡಿಮೆ ಎಂದು.

ಇನ್ನೊಂದು ಕಾರಣ ದಪ್ಪ. ವಿಜಯಪುರ, ಬಾಗಲಕೋಟೆಯ ಕಡೆ ಮಾಗಿಯ ರಾತ್ರಿ ಹೇಗಿರುತ್ತದೆಂಬುದು ಅಲ್ಲಿ ಮಲಗಿದವರಿಗೆ ಗೊತ್ತು. ನಾಲ್ಕೈದು ಪದರದ ಕೌದಿಯಿಲ್ಲದೆ ಅಲ್ಲಿ ನಡೆಯದು. ಅಷ್ಟು ಪದರ ಕೂಡಿದಾಗ ದಬ್ಬಳ ನೇರವಾಗಿ ಹೋದರೆ ಸಾಕೆನ್ನಿಸುತ್ತದೆ, ಅದನ್ನು ತಿರುಗಿಸಿ ಮಣಿಸುವ ಮಾತೆಲ್ಲಿ? ಠಾಣೆಯಲ್ಲಿ ಹಾಗಲ್ಲ. ಇಲ್ಲಿ ಪಂಖದ ಗಾಳಿಗೆ ಹೊದೆಯಲು ಎರಡು ಪದರ ಸಾಕು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗಿಸುವ ಪಾಡು ನೆನೆದರೆ ಮೂರನೆಯದು ಬೇಡವೇ ಬೇಡ. ಎರಡೇ ಪದರವಾದಾಗ ಸೂಜಿ ನಾವು ಹೇಳಿದ ಕಡೆ ತಿರುಗುತ್ತದೆ. ಹೊಸ ಆಕಾರಕ್ಕೆ ಧೈರ್ಯ ಬರುವುದು ಇಲ್ಲಿಂದ.

ಮಾದರಿಗೂ ದೂರ ಹೋಗಬೇಕಾಗಿಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕದಿಂದ ಬಂದವರು. ಎಷ್ಟೋ ಜನ ಗೋವೆಯ ಪೋರ್ತುಗೀಜರ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರು. ಈ ಹೆಂಗಸರು ಕೌದಿ ಹೊಲಿಯುವ ರೀತಿಯೇ ಬೇರೆ. ಹಳೆಯ ಸೀರೆಯೊಂದನ್ನು ಹಾಸಿ ಒಂದು ಮೂಲೆಯಿಂದ ತುಂಡು ಹಚ್ಚಲು ತೊಡಗುತ್ತಾರೆ. ಅಂಚು ಹಿಡಿದು ಸುತ್ತುತ್ತ, ಸುತ್ತುತ್ತ ನಡುವಿಗೆ ಬರುತ್ತಾರೆ. ಮುಗಿಸುವಾಗ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ ಚಿಕ್ಕ ಹೂವನ್ನು ಕೂರಿಸುತ್ತಾರೆ. ಅವರ ಮಾತಿನಲ್ಲಿ ಅದು 'ಫುಲಾ'. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಈ ಕೌದಿಗಳನ್ನು ಕಂಡು ಬೆರಗಾದ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾವಿದ್ವಾಂಸರು ಅವುಗಳ ಬಗ್ಗೆ ಬರೆದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳ ಪ್ರದರ್ಶನವೂ ಆಯಿತು.

ಸಿದ್ದಿ ಪದ್ಧತಿಯಲ್ಲಿ ನಮಗೆ ಕಲಿಯಲು ಒಂದು ಮುಖ್ಯ ಸಂಗತಿಯಿದೆ. ಮೂಲೆಯಿಂದ ಹೊರಟರೆ ನಡುವೆ ಏನು ಬರಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕಾಗಿಲ್ಲ. ಕೈಯಲ್ಲಿದ್ದ ತುಂಡು ಮುಂದಿನದನ್ನು ಕರೆಯುತ್ತದೆ. ಕಾಗದದ ಮೇಲೆ ನಕ್ಷೆ ಬರೆಯಲು ಹೆದರುವ ಸೋದರಿಯರು ಹೀಗೆ ಮಾಡಿ ನೋಡಬೇಕು.

ಆಫ್ರಿಕದ ಮೂಲದವರೇ ಆದ ಇನ್ನೊಂದು ಊರಿನ ಹೆಂಗಸರನ್ನೂ ಇಲ್ಲಿ ನೆನೆಯಬೇಕು. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಬಡ ಹಳ್ಳಿ. ಅಲ್ಲಿಯವರು ಹೊಲದಲ್ಲಿ ದುಡಿದು ಸವೆದ ಪ್ಯಾಂಟುಗಳಿಂದ ಕೌದಿ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ದೊಡ್ಡ ಅಂಗಡಿಯೊಂದಕ್ಕೆ ಕಾರ್ಡುರಾಯ್ ಬಟ್ಟೆಯ ದಿಂಬುಚೀಲ ಹೊಲಿದು ಕೊಡುವ ಕೆಲಸ ಸಿಕ್ಕಿತು. ಉಳಿದ ತುಂಡುಗಳು ಮನೆಗೆ ಬಂದವು, ಕೌದಿಗಳ ಬಣ್ಣವೇ ಬದಲಾಯಿತು. 2002ರಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅವನ್ನು ಗೋಡೆಗೆ ತೂಗುಹಾಕಿದರು. 2006ರಲ್ಲಿ ಅಂಚೆಚೀಟಿಯ ಮೇಲೂ ಅಚ್ಚಾದವು. ದರ್ಜಿಯ ಚಿಂದಿ ಚೀಲವನ್ನು ಹಗುರಾಗಿ ಕಾಣಬಾರದೆಂಬುದಕ್ಕೆ ಇಷ್ಟು ಹೇಳಿದೆ.

ಇನ್ನು ಬಣ್ಣಕ್ಕೆ ಬರೋಣ. ನಾವು ಬಣ್ಣದ ಹೆಸರನ್ನು ನೋಡುತ್ತೇವೆ, ಅದರ ತಿಳಿ-ಗಾಢವನ್ನು ನೋಡುವುದಿಲ್ಲ. ತಪ್ಪುವುದು ಅಲ್ಲಿಯೇ. ದಾಳಿಂಬೆ ಕೆಂಪು, ನವಿಲುಗೊರಳಿನ ನೀಲಿ: ಹೆಸರು ಕೇಳಿದರೆ ಎಷ್ಟು ಬೇರೆ ಬೇರೆ! ಅಕ್ಕಪಕ್ಕ ಹೊಲಿದು ಆರಡಿ ಹಿಂದೆ ಸರಿದು ನೋಡಿ. ಎರಡೂ ಕೂಡಿ ಒಂದೇ ಕತ್ತಲೆಯ ಮುದ್ದೆ. ಅವುಗಳ ನಡುವೆ ಒಂದು ಬೆರಳು ಅರಿಸಿನ ಬಣ್ಣವನ್ನೋ ಹಳೆಯ ಧೋತರದ ಬಿಳಿಯನ್ನೋ ಇಟ್ಟರೆ ಎರಡಕ್ಕೂ ಜೀವ ಬರುತ್ತದೆ. ತುಂಡುಗಳನ್ನು ಮೊದಲು ಮೂರು ಗುಂಪು ಮಾಡಿ: ತಿಳಿ, ನಡು, ಗಾಢ. ಯಾವುದು ಎಲ್ಲಿಗೆ ಎಂದು ಗೊಂದಲವಾದರೆ ಸಂಜೆ ದೀಪ ಹಚ್ಚುವ ಮುನ್ನ ಅರೆಗಣ್ಣು ಮಾಡಿ ನೋಡುವುದು ಹಳೆಯ ಉಪಾಯ. ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ತೋರಿಸಿದಳು. ಕ್ಷಣದಲ್ಲಿ ಎಲ್ಲ ತಿಳಿಯಿತು. ನಾನು ಇಷ್ಟು ವರ್ಷ ಕಣ್ಣು ಕಿರಿದು ಮಾಡಿದ್ದು ವ್ಯರ್ಥವೇ ಎನ್ನಿಸಿತು!

ಕಣ್ಣಿಗೆ ಹೊಡೆಯುವ ಬಣ್ಣವನ್ನು ಬಿಟ್ಟುಬಿಡಬೇಕಿಲ್ಲ. ಆದರೆ ಅದು ಒಗ್ಗರಣೆಯ ಮೆಣಸಿನಕಾಯಿಯಂತೆ ಇರಬೇಕು: ಹತ್ತು ತುಂಡಿಗೆ ಒಂದು. ಗುಲಾಬಿಯ ಖಣದ ಒಂದೇ ಕುಪ್ಪಸ ಇಡೀ ಕೌದಿಗೆ ಸಾಲುತ್ತದೆ.

ಆಕಾರದಲ್ಲಿ ಮೊದಲು ತ್ರಿಕೋನ ಹಿಡಿಯಿರಿ. ತ್ರಿಕೋನವಾಗಿ ಕತ್ತರಿಸಿ ಆಮೇಲೆ ಜೋಡಿಸಲು ಹೋದರೆ ಓರೆ ಅಂಚು ಎಳೆದುಕೊಂಡು ಸೊಟ್ಟಾಗುತ್ತದೆ. ಅದಕ್ಕೆ ಒಂದು ಜಾಣತನ ಉಂಟು. ತಿಳಿ ಒಂದು, ಗಾಢ ಒಂದು, ಹೀಗೆ ಐದೈದು ಇಂಚಿನ ಎರಡು ಚೌಕಗಳನ್ನು ಒಳಮುಖವಾಗಿ ಒಂದರ ಮೇಲೊಂದಿಡಿ. ಮೂಲೆಯಿಂದ ಮೂಲೆಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ನಂತರ ಗೆರೆಯ ಮೇಲೆ ಕತ್ತರಿಸಿ ಬಿಡಿಸಿ. ಎರಡು ಬಣ್ಣದ ಎರಡು ಚೌಕಗಳು ಸಿದ್ಧ. ಸುತ್ತ ನಾಲ್ಕೂವರೆ ಇಂಚಿಗೆ ಒಪ್ಪ ಮಾಡಿಕೊಂಡರೆ ಜೋಡಿಸಿದ ಮೇಲೆ ನಾಲ್ಕು ಇಂಚು ಉಳಿಯುತ್ತದೆ. ಇಂಥವು ಎಂಟು ಸಾಲು, ಸಾಲಿಗೆ ಎಂಟು, ಒಟ್ಟು 64 ಆದರೆ 32 ಇಂಚು. ಸುತ್ತಲೂ ಎರಡಿಂಚು ಅಂಚು ಕಟ್ಟಿದರೆ 36 ಇಂಚಿನ ಕೂಸಿನ ಕೌದಿ. ಅದೇ 64 ಚೌಕಗಳನ್ನು ತಿರುಗಿಸಿ ತಿರುಗಿಸಿ ಇಟ್ಟರೆ ಒಮ್ಮೆ ಗಾಳಿಪಟ, ಒಮ್ಮೆ ಮೆಟ್ಟಿಲು, ಒಮ್ಮೆ ಗೋಪುರ. ಕಸೂತಿಯ ಗೋಪುರ ಬಲ್ಲ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಂಡು ಬೇಕಾದರೆ ಬಳೆಯಿಟ್ಟು ರಟ್ಟು ಕತ್ತರಿಸಿಕೊಳ್ಳಿ. ಬಟ್ಟೆಯನ್ನು ಅದಕ್ಕಿಂತ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ ಅಂಚಿಗೆ ದಾರ ಓಡಿಸಿ. ರಟ್ಟನ್ನು ಒಳಗಿಟ್ಟು ದಾರ ಜಗ್ಗಿ ಇಸ್ತ್ರಿ ಮಾಡಿ, ರಟ್ಟು ತೆಗೆಯಿರಿ. ಕುಪ್ಪಸದ ಕೊರಳು ಕತ್ತರಿಸಿದಾಗ ಉಳಿಯುವ ಅರ್ಧಚಂದ್ರಗಳು ದರ್ಜಿಯ ಚೀಲದಲ್ಲಿ ಬೇಕಾದಷ್ಟು ಸಿಗುತ್ತವೆ. ಮಗಳು ಹತ್ತು-ಹನ್ನೆರಡನ್ನು ಹಾಗೆಯೇ ಹಚ್ಚಿದ್ದಾಳೆ. ಕೂಸಿನ ಕೌದಿಗೆ ಗುಂಡಿ, ಕನ್ನಡಿ, ಜರಿ ಸರ್ವಥಾ ಬೇಡ. ಮೆತ್ತನೆಯ ಹತ್ತಿ ಮಾತ್ರ.

ಬಣ್ಣ ಬಿಡುವ ಪರೀಕ್ಷೆಯನ್ನು ಮರೆಯಬೇಡಿ. ನಾನೊಮ್ಮೆ ಇಳಕಲ್ ಸೀರೆಯ ಕೆಂಪು ಸೆರಗನ್ನು ಪರೀಕ್ಷೆ ಮಾಡದೆ ಬಿಳಿ ಧೋತರದ ಮೇಲೆ ಹೊಲಿದೆ. ಮೊದಲ ಒಗೆತಕ್ಕೇ ಕೌದಿಯೆಲ್ಲ ಬೀಟ್‌ರೂಟಿನ ನೀರಿನಲ್ಲಿ ಅದ್ದಿದ ಹಾಗಾಯಿತು. ತಿಂಗಳ ದುಡಿಮೆ ನೆಲ ಒರೆಸಲು ಹೋಯಿತು. ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು ನೋಡಿ. ನೀರು ಬಣ್ಣವಾದರೆ ಆ ತುಂಡು ಎಷ್ಟೇ ಚೆಂದವಿದ್ದರೂ ದೂರವಿಡಿ.

ಮಗಳ ಹೊಸ ಕರಿ ಬಟ್ಟೆಯನ್ನೂ ನೆನೆಯಿಟ್ಟೆ. ಬೆಳಗಾಗುವಷ್ಟರಲ್ಲಿ ಬಕೀಟಿನ ನೀರು ಮಸಿಯಾಗಿತ್ತು. "ಆತು ಬಿಡು, ದೇವರ ತೀರ್ಮಾನ ಮಾಡಿದ" ಎಂದೆ. ಮಗಳ ಮುಖ ಸಪ್ಪಗಾಯಿತು. ಅತ್ತೆಯವರು ಅದನ್ನು ನೋಡಿದರು, ಏನೂ ಅನ್ನಲಿಲ್ಲ.

ಆ ದಿನ ಸಂಜೆ ಅವರು ತಮ್ಮ ಟ್ರಂಕು ಎಳೆಯಲು ಹೇಳಿದರು. ತಳದಿಂದ ಒಂದು ಸೀರೆ ತೆಗೆದರು: ಇಳಕಲ್ಲಿನ ಚಂದ್ರಕಾಳಿ, ಕಪ್ಪು ಹತ್ತಿಯ ಒಡಲು, ಕೆಂಪು ಸೆರಗು. ಮಡಿಕೆ ಮಡಿಕೆಗೆ ಹರಿದಿತ್ತು.

"ಲಗ್ನದಾಗ ಉಟ್ಟದ್ದು. ಎಷ್ಟು ಸಲ ಒಗದದ್ದೋ ಏನೋ, ಇದು ಇನ್ನ ಬಣ್ಣ ಬಿಡೂದಿಲ್ಲ. ಕತ್ತರಿಸ್ರಿ."

"ಕರೇದು ಬ್ಯಾಡ ಅಂದಿದ್ರಲ್ಲರೀ?" ಎಂದು ಮೆಲ್ಲಗೆ ಕೇಳಿದೆ.

"ನನ್ನ ಮೊದಲನೇ ಕೂಸು ಕರೀ ಕಂಬಳ್ಯಾಗ ಹೋತವಾ" ಎಂದರು. "ಹದಿನೇಳು ದಿನದ್ದು. ಅದರ ಮ್ಯಾಲೆ ಕಂಬಳಿ ಕಂಡ್ರ ಸೈತ ನನಗ ಆಗೂದಿಲ್ಲ. ಈ ಸೀರಿ ಬ್ಯಾರೆ. ಇದನ್ನ ಉಟಗೊಂಡು ನಾ ನಕ್ಕೇನಿ."

ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾಯಿತು. ಈ ಮಾತನ್ನು ಕೇಳಿದ್ದು ಅಂದೇ. ಮಗಳು ಹೋಗಿ ಅವರ ಪಕ್ಕದಲ್ಲಿ ಕುಳಿತಳು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆಯವರೇ ಹೇಳಿದರು: "ನಡಕ ಬ್ಯಾಡ. ಸುತ್ತ ಹಾಕ್ರಿ, ಸಣ್ಣಾಗಿ." ಕೆಂಪು ಸೆರಗನ್ನು ನಾನು ಬೇರೆ ತೆಗೆದಿಟ್ಟೆ, ಅದನ್ನು ಈಗಲೂ ನಂಬುವುದಿಲ್ಲ. ಚಂದ್ರಕಾಳಿಯ ಗಟ್ಟಿಯಿದ್ದ ಭಾಗಗಳಿಂದ ಮಗಳು ಪಟ್ಟಿಗಳನ್ನು ಕತ್ತರಿಸಿ ಅಂಚಿಗೆ ಕಟ್ಟಿದಳು. ಎರಡು ಸಾಲುಗಳ ನಡುವೆ ಒಂದು ಬೆರಳಿನಷ್ಟು ಎಳೆದಳು. ನೆಲವೆಲ್ಲ ಕಪ್ಪಾಗಿದ್ದಾಗ ಇಲ್ಲದ ಕಳೆ ಬಂದಿತು. ಕಿಟಕಿಯ ಚೌಕಟ್ಟಿನಂತೆ ಕಪ್ಪು ಹಿಂದೆ ನಿಂತು ಹಳದಿಯನ್ನೂ ಹಸಿರನ್ನೂ ಮುಂದಕ್ಕೆ ತಳ್ಳಿತು. ಅಜ್ಜಿಯ ಮಾತು ಕೇಳದೆ ಹೋಗಿದ್ದರೆ ಇಷ್ಟು ಚೆನ್ನಾಗುತ್ತಿರಲಿಲ್ಲವೆಂದು ಮಗಳೇ ಒಪ್ಪಿದಳು, ನನ್ನೆದುರಿಗೆ ಮಾತ್ರ.

ಈಗ ಮೇಲಿನ ಹೊಲಿಗೆ ನಡೆದಿದೆ. ದಪ್ಪ ಬಿಳಿ ದಾರ, ಸಾದಾ ಹೊಲಿಗೆ, ಸಾಲಿನಿಂದ ಸಾಲಿಗೆ ಅರ್ಧ ಇಂಚು. ಅತ್ತೆಯವರು ಒಂದು ಮೂಲೆ ತಮಗೆ ಬೇಕೆಂದರು. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ಒಂದು ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆ ಇನ್ನೂ ಆಗಬೇಕಾದ್ದರಿಂದ ಅವರ ಸಾಲು ನೆಟ್ಟಗೆ ಹೋಗಲಿಲ್ಲ. ನಡುವೆ ಹೊಳೆಯಂತೆ ಬಳುಕಿ ಎರಡು ಕಡೆ ಬಾಗಿತು. ಅವರು ಮಲಗಿದ ಮೇಲೆ ಮಗಳು ಆ ಮೂಲೆಯನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಿಚ್ಚುತ್ತಾಳೆಂದೇ ನಾನೆಣಿಸಿದೆ. ಬಿಚ್ಚಲಿಲ್ಲ. ತನ್ನ ಸಾಲನ್ನು ಅದರ ಪಕ್ಕದಲ್ಲಿ ಹಿಡಿದು, ಅವರದು ಬಾಗಿದಲ್ಲಿ ತಾನೂ ಬಾಗಿ, ಅಂಚಿನವರೆಗೆ ಹಾಗೆಯೇ ಹೊಲಿದುಕೊಂಡು ಹೋದಳು.